‘ಗಂಗಾ’ ವಿಮಾನದ ಅಪಹರಣ ಮತ್ತು ಅದರ ದೂರಗಾಮಿ ಪರಿಣಾಮಗಳು

ಇತಿಹಾಸದಲ್ಲಿ ಒಂದು ಘಟನೆಯ ಮಹತ್ತ್ವವನ್ನು ಅದರ ಗಾತ್ರವೊಂದರಿಂದಲೇ ಅಳೆಯಲು ಬರುವುದಿಲ್ಲ. ಅದು ಯಾವ ಕಾಲದಲ್ಲಿ ಒದಗಿತು, ಯಾರ ಕೈಗೆ ಸಿಕ್ಕಿತು, ಅದನ್ನು ಯಾರು ಯಾವ ಉದ್ದೇಶಕ್ಕೆ ಬಳಸಿಕೊಂಡರು ಎಂಬುದನ್ನೂ ನೋಡಬೇಕಾಗುತ್ತದೆ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ಹೆಸರಿನ ಒಂದು ಸಣ್ಣ ವಿಮಾನವನ್ನು ಇಬ್ಬರು ತರುಣರು ಅಪಹರಿಸಿ ಲಾಹೋರಿಗೆ ಒಯ್ದರು. ಪ್ರಯಾಣಿಕರಲ್ಲಿ ಯಾರ ಜೀವಕ್ಕೂ ಹಾನಿಯಾಗಲಿಲ್ಲ. ಅಪಹರಣಕಾರರ ಬೇಡಿಕೆಯೂ ಕೈಗೂಡಲಿಲ್ಲ. ಆದರೂ ಆ ಘಟನೆಯಿಂದ ಹೊರಟ ಪರಿಣಾಮಪರಂಪರೆ ಒಂದು ಯುದ್ಧದ ಪೂರ್ವರಂಗವನ್ನು ಮುಟ್ಟಿತು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಯಿತು. ಸುಮಾರು ಅರ್ಧಶತಮಾನದ ಅನಂತರ ಅರಬ್ ದೇಶಗಳ ವ್ಯಾಜ್ಯವೊಂದರಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಪರಂಪರೆಯನ್ನು ಕ್ರಮವಾಗಿ ನಿರೂಪಿಸುವುದೂ, ಘಟನೆಯ ವಿಷಯದಲ್ಲಿ ಹುಟ್ಟಿಕೊಂಡಿರುವ ಪರಸ್ಪರವಿರುದ್ಧ ಕಥನಗಳನ್ನು ಇತಿಹಾಸದ ವಿದ್ಯಾರ್ಥಿ ಹೇಗೆ ಪರಿಶೀಲಿಸಬೇಕೆಂಬುದನ್ನು ವಿಚಾರಮಾಡುವುದೂ ಪ್ರಕೃತ ಲೇಖನದ ಉದ್ದೇಶ.

1

ಮೊದಲು ಘಟನೆಯ ಹಿನ್ನೆಲೆಯನ್ನು ಗಮನಿಸಬೇಕು. ವಿಮಾನಾಪಹರಣವನ್ನು ರಾಜಕೀಯ ಸಾಧನವಾಗಿ ಬಳಸುವ ಪದ್ಧತಿ 1960ರ ದಶಕದ ಕೊನೆಯ ವರ್ಷಗಳಲ್ಲಿ ಬಲವಾಗಿ ಬೆಳೆದಿತ್ತು. 1970ರ ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾಲೆಸ್ತೀನಿನ ಒಂದು ಉಗ್ರಪಕ್ಷದವರು ಹಲವು ವಿಮಾನಗಳನ್ನು ಅಪಹರಿಸಿ, ಅವುಗಳಲ್ಲಿ ಕೆಲವನ್ನು ಜೋರ್ಡಾನಿನ ಮರುಭೂಮಿಗೆ ಒಯ್ದು, ಒತ್ತೆಯಾಳುಗಳನ್ನು ಕೆಳಗಿಳಿಸಿದ ಮೇಲೆ ವಿಮಾನಗಳನ್ನು ಸಿಡಿಸಿಹಾಕಿದ್ದರು. ಲೋಕದ ಪತ್ರಿಕೆಗಳೆಲ್ಲ ಕೆಲವು ದಿನಗಳ ಕಾಲ ಆ ಸುದ್ದಿಯಿಂದಲೇ ತುಂಬಿಹೋಗಿದ್ದವು. ಅದೇ ವರ್ಷದ ಡಿಸೆಂಬರ್ 16ರಂದು ಹೇಗ್ ನಗರದಲ್ಲಿ ವಿಮಾನಾಪಹರಣವನ್ನು ನಿಗ್ರಹಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿದ್ದಿತು. ಅಪಹರಣಕಾರನನ್ನು ಕೋರಿದ ದೇಶಕ್ಕೆ ಒಪ್ಪಿಸಬೇಕು, ಇಲ್ಲವೇ ತನ್ನ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು ಎಂಬುದು ಅದರ ತಿರುಳು. ಆದರೆ ಆ ಒಪ್ಪಂದ ಜಾರಿಗೆ ಬಂದುದು 1971ರ ಅಕ್ಟೋಬರ್ 14ರಂದು. ‘ಗಂಗಾ’ ಪ್ರಕರಣ ಈ ಎರಡು ದಿನಾಂಕಗಳ ನಡುವಿನ ತೆರಪಿನಲ್ಲಿ ನಡೆಯಿತು. ಅಪರಾಧದ ಸ್ವರೂಪ ಲೋಕಕ್ಕೆಲ್ಲ ತಿಳಿದಿತ್ತು. ಅದಕ್ಕೆ ತಕ್ಕ ಕಟ್ಟಳೆ ಮಾತ್ರ ಇನ್ನೂ ಬಲಕ್ಕೆ ಬಂದಿರಲಿಲ್ಲ.

ಉಪಖಂಡದ ರಾಜಕೀಯ ಸ್ಥಿತಿಯೂ ಆಗ ಅತ್ಯಂತ ಸೂಕ್ಷ್ಮವಾಗಿತ್ತು. 1970ರ ಡಿಸೆಂಬರ್ ತಿಂಗಳಲ್ಲಿ ಪಾಕಿಸ್ತಾನದಲ್ಲಿ ನಡೆದ ಮಹಾಚುನಾವಣೆಯಲ್ಲಿ ಷೇಕ್ ಮುಜೀಬುರ್ ರಹಮಾನರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದು, ಇಡೀ ರಾಷ್ಟ್ರಸಭೆಯಲ್ಲಿಯೇ ಬಹುಮತವನ್ನು ಪಡೆದಿತ್ತು. ಪಶ್ಚಿಮದಲ್ಲಿ ಜುಲ್ಫಿಕರ್ ಅಲಿ ಭುಟ್ಟೋ ಅವರ ಪೀಪಲ್ಸ್ ಪಾರ್ಟಿ ಹೆಚ್ಚಿನ ಸ್ಥಾನಗಳನ್ನು ಗಳಿಸಿತ್ತು. ಅಧಿಕಾರವನ್ನು ಯಾರಿಗೆ ವಹಿಸಬೇಕು, ಸಂವಿಧಾನದ ರೂಪವೇನು ಎಂಬ ಪ್ರಶ್ನೆಗಳು ಇತ್ಯರ್ಥವಾಗದೆ ಉಳಿದಿದ್ದವು. ಜನವರಿಯ ಕೊನೆಯಲ್ಲಿ ಭುಟ್ಟೋ ಅವರು ಢಾಕಾಕ್ಕೆ ಹೋಗಿ ಮುಜೀಬರೊಡನೆ ಮಾತುಕತೆ ನಡೆಸಿ, ಯಾವ ನಿರ್ಣಯಕ್ಕೂ ಬಾರದೆ ಪಶ್ಚಿಮಕ್ಕೆ ಹಿಂದಿರುಗಿದರು. ವಿಮಾನ ಲಾಹೋರಿಗೆ ಬಂದಿಳಿದುದು ಇದೇ ಸಂದರ್ಭದಲ್ಲಿ.

2

ಅಪಹರಣಕಾರರು ಹಾಷಿಂ ಖುರೇಷಿ ಮತ್ತು ಅವನ ಬಂಧುವಾದ ಅಷ್ರಫ್ ಖುರೇಷಿ. ಇವರಿಬ್ಬರೂ ಮಕಬೂಲ್ ಭಟ್‌ನ ನೇತೃತ್ವದ ನ್ಯಾಷನಲ್ ಲಿಬರೇಷನ್ ಫ್ರಂಟ್ ಎಂಬ ಸಂಘಟನೆಗೆ ಸೇರಿದವರು. ಹಾಷಿಂ ಇನ್ನೂ ಹದಿಹರೆಯದವನು. ಇವರ ಬಳಿಯಿದ್ದ ಆಯುಧಗಳೆಂದರೆ ಒಂದು ಆಟಿಕೆಯ ಪಿಸ್ತೂಲು, ಮರದಿಂದ ಮಾಡಿದ ಒಂದು ಕೈಬಾಂಬು. ಆದರೆ ಅವು ನಕಲಿ ಎಂಬುದು ವಿಮಾನದಲ್ಲಿದ್ದವರಿಗೆ ತಿಳಿದಿರಲಿಲ್ಲ. ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಆ ಫಾಕರ್ ಫ್ರೆಂಡ್‌ಷಿಪ್ ವಿಮಾನದಲ್ಲಿ ಪ್ರಯಾಣಿಕರೂ ಸಿಬ್ಬಂದಿಯೂ ಸೇರಿ ಸುಮಾರು 30 ಮಂದಿ ಇದ್ದರು. ಜಮ್ಮು ಸಮೀಪಿಸುತ್ತಿರುವಾಗ ಚಾಲಕನನ್ನು ಬೆದರಿಸಿ ವಿಮಾನವನ್ನು ಲಾಹೋರಿನ ಕಡೆಗೆ ತಿರುಗಿಸಲಾಯಿತು. ಭಾರತದ ನಾಗರಿಕ ವಿಮಾನಯಾನದ ಚರಿತ್ರೆಯಲ್ಲಿ ಇದನ್ನು ಮೊದಲನೆಯ ಅಪಹರಣವೆಂದು ಗಣಿಸುತ್ತಾರೆ. ಪ್ರಯಾಣಿಕರ ಕೈಚೀಲಗಳನ್ನು ಪರೀಕ್ಷಿಸುವ ಕಟ್ಟುನಿಟ್ಟಾದ ಏರ್ಪಾಡು ಆಗ ಇರಲಿಲ್ಲ. ಎರಡು ನಕಲಿ ಆಯುಧಗಳು ಇಷ್ಟನ್ನೆಲ್ಲ ಸಾಧಿಸಲು ಅದೂ ಒಂದು ಕಾರಣ.

ಲಾಹೋರಿನಲ್ಲಿ ಅಪಹರಣಕಾರರು ಭಾರತದ ಸೆರೆಮನೆಗಳಲ್ಲಿದ್ದ ತಮ್ಮ ಸಂಘಟನೆಯ ಬಂಧಿಗಳನ್ನು ಬಿಡಬೇಕೆಂದೂ, ತಮಗೆ ಪಾಕಿಸ್ತಾನದಲ್ಲಿ ಆಶ್ರಯ ದೊರೆಯಬೇಕೆಂದೂ ಕೇಳಿದರು. ಎರಡನೆಯ ಕೋರಿಕೆ ಈಡೇರಿತು. ಮೊದಲನೆಯದಕ್ಕೆ ಭಾರತ ಸರ್ಕಾರ ಒಪ್ಪಲಿಲ್ಲ. ಪ್ರಯಾಣಿಕರನ್ನೂ ಸಿಬ್ಬಂದಿಯನ್ನೂ ಬಿಡುಗಡೆಮಾಡಿ ರಸ್ತೆಯ ಮಾರ್ಗವಾಗಿ ಭಾರತಕ್ಕೆ ಕಳುಹಿಸಲಾಯಿತು. ಢಾಕಾದಿಂದ ಹಿಂದಿರುಗಿದ ಭುಟ್ಟೋ ಅವರು ವಿಮಾನ ನಿಲ್ದಾಣದಲ್ಲಿಯೇ ಅಪಹರಣಕಾರರನ್ನು ಕಂಡು ಮಾತನಾಡಿದರು. ಲಾಹೋರಿನ ಜನ ಆ ಇಬ್ಬರನ್ನು ವೀರರೆಂದು ಕೊಂಡಾಡಿದರು. ಫೆಬ್ರುವರಿ 2ರಂದು ವಿಮಾನಕ್ಕೆ ಬೆಂಕಿ ಹಚ್ಚಲಾಯಿತು. ಅದು ನಿಲ್ದಾಣದಲ್ಲಿಯೇ ಸುಟ್ಟು ಬೂದಿಯಾಯಿತು. ಪೂರ್ವ ಪಾಕಿಸ್ತಾನದಲ್ಲಿ ಮುಜೀಬರು ಈ ಕೃತ್ಯವನ್ನು ಖಂಡಿಸಿ ವಿಚಾರಣೆಯಾಗಬೇಕೆಂದು ಕೇಳಿದರು. ಒಂದೇ ರಾಷ್ಟ್ರದ ಇಬ್ಬರು ಮುಖ್ಯ ನಾಯಕರು ಒಂದೇ ಘಟನೆಯನ್ನು ಎರಡು ವಿರುದ್ಧ ದೃಷ್ಟಿಗಳಿಂದ ನೋಡಿದರೆಂಬುದೇ ಆ ರಾಷ್ಟ್ರದ ಅಂದಿನ ಆಂತರಿಕ ಸ್ಥಿತಿಗೆ ಒಳ್ಳೆಯ ಸಾಕ್ಷಿ.

ಭಾರತ ನಷ್ಟಪರಿಹಾರವನ್ನೂ ಅಪಹರಣಕಾರರನ್ನು ಒಪ್ಪಿಸುವುದನ್ನೂ ಕೇಳಿತು. ಫೆಬ್ರುವರಿ 4ರಂದು, ಸೈನಿಕವಾಗಲಿ ನಾಗರಿಕವಾಗಲಿ, ಪಾಕಿಸ್ತಾನದ ಯಾವ ವಿಮಾನವೂ ಭಾರತದ ಆಕಾಶವನ್ನು ದಾಟಕೂಡದೆಂದು ಆಜ್ಞೆ ಹೊರಡಿಸಿತು.

3

ಈ ಆಜ್ಞೆಯ ಪರಿಣಾಮವನ್ನು ತಿಳಿಯಲು ಅಂದಿನ ಪಾಕಿಸ್ತಾನದ ಭೂಪಟವನ್ನು ನೆನೆದುಕೊಳ್ಳಬೇಕು. ಅದರ ಎರಡು ಭಾಗಗಳ ನಡುವೆ ಸುಮಾರು 1,600 ಕಿಲೋಮೀಟರು ಅಗಲದ ಭಾರತದ ನೆಲವಿತ್ತು. ನೇರ ಮಾರ್ಗ ಮುಚ್ಚಿಹೋದ ಮೇಲೆ ವಿಮಾನಗಳು ಕರಾಚಿಯಿಂದ ಅರಬ್ಬೀ ಸಮುದ್ರದ ಮೇಲೆ ದಕ್ಷಿಣಕ್ಕೆ ಬಂದು, ಸಿಂಹಳದ್ವೀಪದಲ್ಲಿ ಇಂಧನ ತುಂಬಿಕೊಂಡು, ಬಂಗಾಳ ಕೊಲ್ಲಿಯ ಮೇಲೆ ಉತ್ತರಕ್ಕೆ ಏರಿ ಢಾಕಾವನ್ನು ಸೇರಬೇಕಾಯಿತು. ದೂರ ಸುಮಾರು ಎರಡು ಪಟ್ಟಾಯಿತು. ಕಾಲವೂ ವೆಚ್ಚವೂ ಅದಕ್ಕೆ ತಕ್ಕಂತೆ ಹೆಚ್ಚಿದವು.

ಮಾರ್ಚ್ 1ರಂದು ಅಧ್ಯಕ್ಷ ಯಾಹ್ಯಾ ಖಾನರು ರಾಷ್ಟ್ರಸಭೆಯ ಅಧಿವೇಶನವನ್ನು ಮುಂದಕ್ಕೆ ಹಾಕಿದರು. ಪೂರ್ವದಲ್ಲಿ ಅಸಹಕಾರ ಚಳವಳಿ ಎದ್ದಿತು. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೈನಿಕ ಕಾರ್ಯಾಚರಣೆ ಆರಂಭವಾಯಿತು. ಆ ತಿಂಗಳುಗಳಲ್ಲಿ ಪಶ್ಚಿಮದಿಂದ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುವ ವಿಮಾನಗಳೆಲ್ಲ ಈ ಸುತ್ತುದಾರಿಯನ್ನೇ ಹಿಡಿಯಬೇಕಾಯಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಗತವಾದಾಗ, ಪೂರ್ವದಲ್ಲಿದ್ದ ಸೇನೆಗೆ ಪಶ್ಚಿಮದಿಂದ ಒದಗಬಹುದಾಗಿದ್ದ ನೆರವು ಎಷ್ಟು ದುರ್ಬಲವಾಗಿತ್ತೆಂಬುದು ಎಲ್ಲರಿಗೂ ಗೋಚರವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಅವಶ್ಯಕ. ವಿಮಾನಸಂಚಾರದ ನಿಷೇಧದಿಂದಲೇ ಪಾಕಿಸ್ತಾನ ಒಡೆಯಿತೆಂದು ಬರೆಯುವವರುಂಟು. ಇದು ಕಾರಣವನ್ನೂ ಅನುಕೂಲ ಸನ್ನಿವೇಶವನ್ನೂ ಒಂದೆಂದು ಭಾವಿಸಿದುದರ ಫಲ. 1952ರ ಭಾಷಾ ಚಳವಳಿ, ಎರಡು ಭಾಗಗಳ ನಡುವಣ ಆರ್ಥಿಕ ಅಸಮತೆ, 1970ರ ನವೆಂಬರ್ ತಿಂಗಳ ಭೀಕರ ಚಂಡಮಾರುತದ ಸಂದರ್ಭದಲ್ಲಿ ಸರ್ಕಾರ ತೋರಿದ ಔದಾಸೀನ್ಯ, ಕೊನೆಗೆ ಚುನಾವಣೆಯ ತೀರ್ಪನ್ನು ಮನ್ನಿಸದಿರುವುದು, ಇವು ಆ ವಿಭಜನೆಯ ಮೂಲಕಾರಣಗಳು. ಕೊಲಂಬೋ ಮಾರ್ಗ ತೆರೆದೇ ಇದ್ದುದರಿಂದ ನಿಷೇಧವು ಸೈನ್ಯದ ಸಾಗಾಣಿಕೆಯನ್ನು ನಿಲ್ಲಿಸಲಿಲ್ಲ. ಅದನ್ನು ನಿಧಾನಗೊಳಿಸಿತು, ದುಬಾರಿಯಾಗಿಸಿತು. ಇಷ್ಟನ್ನು ಹೇಳಿದರೆ ಸತ್ಯಕ್ಕೆ ಸಮೀಪವಾಗಿರುತ್ತೇವೆ.

4

ಪಾಕಿಸ್ತಾನ ಸುಮ್ಮನಿರಲಿಲ್ಲ. 1971ರ ಮಾರ್ಚ್ 3ರಂದು ಅದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪರಿಷತ್ತಿಗೆ ದೂರು ಕೊಟ್ಟಿತು. 1944ರ ಷಿಕಾಗೊ ಒಪ್ಪಂದವೂ ಅದರ ಜೊತೆಯ ಸಂಚಾರ ಒಪ್ಪಂದವೂ ಸದಸ್ಯರಾಷ್ಟ್ರಗಳ ವಿಮಾನಗಳಿಗೆ ಪರಸ್ಪರ ಆಕಾಶವನ್ನು ದಾಟುವ ಹಕ್ಕನ್ನು ಕೊಟ್ಟಿವೆ; ಭಾರತ ಅದನ್ನು ಉಲ್ಲಂಘಿಸಿದೆ ಎಂಬುದು ಅದರ ವಾದ. ಭಾರತ ಮೊದಲಿಗೆ ಪರಿಷತ್ತಿನ ಅಧಿಕಾರವ್ಯಾಪ್ತಿಯನ್ನೇ ಪ್ರಶ್ನಿಸಿತು. 1965ರ ಯುದ್ಧದಿಂದ ಈ ಒಪ್ಪಂದಗಳು ಎರಡು ದೇಶಗಳ ಮಟ್ಟಿಗೆ ಸ್ಥಗಿತವಾದವು. 1966ರಲ್ಲಿ ಸಂಚಾರ ಮತ್ತೆ ಮೊದಲಾದುದು ಒಂದು ವಿಶೇಷ ವ್ಯವಸ್ಥೆಯ ಮೇರೆಗೆ. ಆದಕಾರಣ ಈ ವ್ಯಾಜ್ಯ ಪರಿಷತ್ತಿನ ಮುಂದೆ ಬರತಕ್ಕುದಲ್ಲ ಎಂದು ವಾದಿಸಿತು. ಜುಲೈ 29ರಂದು ಪರಿಷತ್ತು ಈ ಆಕ್ಷೇಪಣೆಯನ್ನು ತಳ್ಳಿಹಾಕಿತು. ಆಗಸ್ಟ್ 30ರಂದು ಭಾರತ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು.

ಇಲ್ಲಿ ಹಳೆಯ ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕು. ಇದೇ ಪರಿಷತ್ತಿನ ಮುಂದೆ ಮೊಟ್ಟಮೊದಲು ಬಂದ ವ್ಯಾಜ್ಯವೂ ಈ ಎರಡು ದೇಶಗಳದೇ. 1952ರಲ್ಲಿ, ದೆಹಲಿಯಿಂದ ಕಾಬೂಲಿಗೆ ಹೋಗುವ ತನ್ನ ವಿಮಾನಗಳಿಗೆ ಪಾಕಿಸ್ತಾನ ತನ್ನ ಪಶ್ಚಿಮದ ಗಡಿಯ ಮೇಲೆ ದಾರಿ ಕೊಡುತ್ತಿಲ್ಲವೆಂದು ಭಾರತವೇ ದೂರು ಕೊಟ್ಟಿತ್ತು. ಅದು ಸಂಧಾನದಿಂದ ಮುಗಿಯಿತು. ಅಂದು ವಾದಿಯಾಗಿದ್ದ ದೇಶ ಇಂದು ಪ್ರತಿವಾದಿಯಾಯಿತು. ಅಂದು ಶರಣುಹೋಗಿದ್ದ ಪೀಠದ ಅಧಿಕಾರವನ್ನು ಇಂದು ಅಲ್ಲಗಳೆಯಿತು. ರಾಷ್ಟ್ರಗಳು ಕಾನೂನನ್ನು ಆಯಾ ಕಾಲದ ಪ್ರಯೋಜನವನ್ನು ನೋಡಿ ಬಳಸುತ್ತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಈ ಮಾತು ನಮ್ಮ ದೇಶಕ್ಕೂ ಸಲ್ಲುತ್ತದೆಂದು ಒಪ್ಪಿಕೊಳ್ಳಲು ನಾವು ಸಂಕೋಚಪಡಬೇಕಾಗಿಲ್ಲ.

1972ರ ಆಗಸ್ಟ್ 18ರಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಮೇಲ್ಮನವಿಯನ್ನು ವಿಚಾರಿಸುವ ಅಧಿಕಾರ ತನಗುಂಟೆಂದು 13 ಮತಗಳಿಂದ 3ರ ವಿರುದ್ಧವೂ, ಪಾಕಿಸ್ತಾನದ ದೂರನ್ನು ವಿಚಾರಿಸುವ ಅಧಿಕಾರ ಪರಿಷತ್ತಿಗೆ ಉಂಟೆಂದು 14 ಮತಗಳಿಂದ 2ರ ವಿರುದ್ಧವೂ ನಿರ್ಣಯಿಸಿತು. ಒಂದು ಒಪ್ಪಂದ ಸ್ಥಗಿತವಾಗಿದೆಯೆಂದು ಒಂದು ಪಕ್ಷ ತಾನಾಗಿಯೇ ಹೇಳಿಕೊಂಡ ಮಾತ್ರಕ್ಕೆ, ಆ ಒಪ್ಪಂದದಲ್ಲಿರುವ ವ್ಯಾಜ್ಯಪರಿಹಾರದ ಕಲಮುಗಳು ನಿರರ್ಥಕವಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಹಾಗಾಗುವುದಾದರೆ ಯಾವ ಒಪ್ಪಂದದ ಕಟ್ಟಿನಿಂದಲೂ ಯಾವ ದೇಶವಾದರೂ ಸುಲಭವಾಗಿ ನುಣುಚಿಕೊಳ್ಳಬಹುದು.

ಆದರೆ ತೀರ್ಪು ಬರುವ ವೇಳೆಗೆ ವ್ಯಾಜ್ಯದ ಮೂಲವಸ್ತುವೇ ಮಾರ್ಪಟ್ಟಿತ್ತು. ಯಾವ ಎರಡು ಭಾಗಗಳನ್ನು ಕೂಡಿಸುವುದಕ್ಕೆ ಆಕಾಶಮಾರ್ಗ ಬೇಕಾಗಿತ್ತೋ ಅವುಗಳಲ್ಲಿ ಒಂದು ಬಾಂಗ್ಲಾದೇಶವೆಂಬ ಸ್ವತಂತ್ರ ರಾಷ್ಟ್ರವಾಗಿತ್ತು. 1976ರಲ್ಲಿ ಎರಡು ದೇಶಗಳೂ ರಾಜತಾಂತ್ರಿಕ ಸಂಬಂಧವನ್ನೂ ವಿಮಾನಸಂಚಾರವನ್ನೂ ಮತ್ತೆ ಸ್ಥಾಪಿಸಿಕೊಂಡವು. ಪರಿಷತ್ತಿನ ಮುಂದಿದ್ದ ದೂರು ಕೊನೆಗೊಂಡಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ದೆಹಲಿಯಿಂದ ಹೊರಟ ಇನ್ನೊಂದು ಭಾರತೀಯ ವಿಮಾನವನ್ನು ಅಪಹರಿಸಿ ಲಾಹೋರಿಗೇ ಒಯ್ದಾಗ, ಪಾಕಿಸ್ತಾನದ ಅಧಿಕಾರಿಗಳು ಅಪಹರಣಕಾರರನ್ನು ಹಿಡಿದು, ವಿಮಾನವನ್ನೂ ಪ್ರಯಾಣಿಕರನ್ನೂ ಸುರಕ್ಷಿತವಾಗಿ ಹಿಂದಕ್ಕೆ ಕಳುಹಿಸಿದರು. ನಿಲ್ದಾಣ ಅದೇ, ಐದು ವರ್ಷಗಳಲ್ಲಿ ನಡವಳಿಕೆ ಮಾತ್ರ ಬೇರೆಯಾಗಿತ್ತು.

ತೀರ್ಪಿನ ಆಯುಸ್ಸು ವ್ಯಾಜ್ಯದ ಆಯುಸ್ಸಿಗಿಂತ ದೀರ್ಘವಾಯಿತು. 2017ರಲ್ಲಿ ಸೌದಿ ಅರೇಬಿಯ, ಬಹ್ರೇನ್, ಈಜಿಪ್ಟ್ ಮತ್ತು ಅರಬ್ ಎಮಿರೇಟುಗಳು ಕತಾರ್ ದೇಶದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ಆ ವ್ಯಾಜ್ಯವೂ ಪರಿಷತ್ತಿನ ಮೂಲಕ ಹೇಗ್ ನ್ಯಾಯಾಲಯವನ್ನು ಸೇರಿದಾಗ, 2020ರ ಜುಲೈ 14ರ ತೀರ್ಪಿನಲ್ಲಿ 1972ರ ನಿರ್ಣಯವೇ ಮಾರ್ಗದರ್ಶಕವಾಯಿತು.

5

ಇನ್ನು ಅತ್ಯಂತ ವಿವಾದಾಸ್ಪದವಾದ ಪ್ರಶ್ನೆ. ಈ ಅಪಹರಣವನ್ನು ಮಾಡಿಸಿದವರು ಯಾರು?

ಮೊದಲ ದಿನಗಳಲ್ಲಿ ಪಾಕಿಸ್ತಾನದಲ್ಲಿ ವೀರಕೃತ್ಯವೆನಿಸಿದ್ದ ಇದು ಕೆಲವೇ ವಾರಗಳಲ್ಲಿ ಷಡ್ಯಂತ್ರವೆನಿಸಿತು. ಪಾಕಿಸ್ತಾನ ಸರ್ಕಾರ ನೇಮಿಸಿದ ವಿಚಾರಣಾ ಆಯೋಗವು, ನಿಷೇಧಕ್ಕೆ ಒಂದು ನೆಪ ದೊರೆಯಲೆಂದು ಭಾರತದ ಗೂಢಚಾರ ಸಂಸ್ಥೆಯೇ ಇದನ್ನು ಏರ್ಪಡಿಸಿತೆಂದು ವರದಿಮಾಡಿತು. ಮಕಬೂಲ್ ಭಟ್ ಮತ್ತು ಅವನ ಸಂಗಡಿಗರು ಬಂಧಿತರಾದರು. ಲಾಹೋರಿನ ವಿಶೇಷ ನ್ಯಾಯಾಲಯ 1973ರಲ್ಲಿ ಹಾಷಿಂ ಖುರೇಷಿಯೊಬ್ಬನಿಗೆ ದೀರ್ಘಕಾಲದ ಕಾರಾಗೃಹವಾಸವನ್ನು ವಿಧಿಸಿ, ಉಳಿದವರನ್ನು ಮುಖ್ಯ ಆರೋಪದಿಂದ ಮುಕ್ತಗೊಳಿಸಿತು. ಬಹುಕಾಲದ ಅನಂತರ ಭಾರತದ ಕೆಲವು ನಿವೃತ್ತ ಗೂಢಚಾರ ಅಧಿಕಾರಿಗಳು ಈ ಷಡ್ಯಂತ್ರದ ಕಥನವನ್ನೇ ತಮ್ಮ ಇಲಾಖೆಯ ಸಾಧನೆಯೆಂಬಂತೆ ಬರೆದರು. ಹೀಗೆ ಪ್ರತಿಪಕ್ಷಗಳೆರಡೂ ಒಂದೇ ಕಥೆಯನ್ನು ಹೇಳುವಂತಾಯಿತು. ಒಂದು ದೂಷಣೆಗಾಗಿ, ಇನ್ನೊಂದು ಹೊಗಳಿಕೆಗಾಗಿ. ಹಾಷಿಂ ಖುರೇಷಿಯಾದರೋ ಇದನ್ನು ನಿರಾಕರಿಸುತ್ತ ಬಂದಿದ್ದಾನೆ.

ಷಡ್ಯಂತ್ರಪಕ್ಷದವರು ಮುಂದಿಡುವ ಆಧಾರಗಳು ಮುಖ್ಯವಾಗಿ ಮೂರು. ಪಾಕಿಸ್ತಾನದಿಂದ ಹಿಂದಿರುಗುವಾಗ ಹಾಷಿಂ ಗಡಿಭದ್ರತಾ ದಳದ ಕೈಗೆ ಸಿಕ್ಕಿ, ಅವರಿಗಾಗಿ ಕೆಲಸಮಾಡಲು ಒಪ್ಪಿಕೊಂಡಿದ್ದನೆಂಬುದು ಒಂದು. ಅದು ತಾನು ಅವರನ್ನು ವಂಚಿಸಲು ಹೂಡಿದ ಉಪಾಯವೆಂದು ಅವನ ಸಮಾಧಾನ. ವಿಮಾನ ಬಹಳ ಹಳೆಯದೆಂಬುದು ಎರಡು. ವಿಮಾನ ಸುಟ್ಟ ಎರಡೇ ದಿನಗಳಲ್ಲಿ ನಿಷೇಧ ಬಂದಿತೆಂಬುದು ಮೂರು. ಇವು ಸಂಶಯಕ್ಕೆ ಎಡೆಗೊಡುವ ಸಂಗತಿಗಳು, ಆದರೆ ಪ್ರಮಾಣಗಳಲ್ಲ. ವಿಮಾನ ಮೂರು ದಿನಗಳ ಕಾಲ ಪಾಕಿಸ್ತಾನದ ವಶದಲ್ಲಿತ್ತು. ಅಪಹರಣಕಾರರನ್ನು ಮೊದಲ ದಿನವೇ ಬಂಧಿಸಿ ವಿಮಾನವನ್ನು ಹಿಂದಕ್ಕೆ ಕಳುಹಿಸಿದ್ದರೆ ಭಾರತಕ್ಕೆ ಇಂತಹ ಕಠಿನ ಕ್ರಮವನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಷಡ್ಯಂತ್ರವೇ ನಡೆದಿದ್ದರೂ ಅದು ಫಲಿಸುವುದು ಲಾಹೋರಿನ ಅಧಿಕಾರಿಗಳ ಉಪೇಕ್ಷೆಯನ್ನೂ ಜನರ ಉತ್ಸಾಹವನ್ನೂ ಅವಲಂಬಿಸಿತ್ತು. ಪರರ ಅವಿವೇಕವನ್ನು ಮುಂಚಿತವಾಗಿ ಲೆಕ್ಕಹಾಕಿ ಯೋಜನೆ ಹೂಡುವುದು ಸುಲಭಸಾಧ್ಯವಲ್ಲ.

ನಮ್ಮ ವಿದ್ಯಾರ್ಥಿಗಳು ಇಲ್ಲಿ ಒಂದು ತರ್ಕದೋಷವನ್ನು ಗುರುತಿಸಬೇಕು. ಒಂದು ಘಟನೆಯಿಂದ ಯಾರಿಗೆ ಲಾಭವಾಯಿತೋ ಅವರೇ ಅದನ್ನು ಮಾಡಿಸಿರಬೇಕೆಂದು ಊಹಿಸುವುದು ಮನುಷ್ಯಸಹಜ. ಆದರೆ ಮಳೆಯಿಂದ ಬೆಳೆ ಬಂದ ರೈತ ಮಳೆಯನ್ನು ತರಿಸಿದನೆಂದು ಯಾರೂ ಹೇಳುವುದಿಲ್ಲ. 1971ರ ಜನವರಿಯಲ್ಲಿ ನಿಂತು ನೋಡಿದವರಿಗೆ ಡಿಸೆಂಬರಿನ ಢಾಕಾ ಕಾಣುತ್ತಿರಲಿಲ್ಲ; ಡಿಸೆಂಬರಿನಿಂದ ಹಿಂದಿರುಗಿ ನೋಡಿದಾಗ ಜನವರಿಯ ಘಟನೆಗಳೆಲ್ಲ ಅಲ್ಲಿಗೇ ಮುಖಮಾಡಿದ್ದಂತೆ ತೋರುತ್ತವೆ. ಒದಗಿದ ಅವಕಾಶವನ್ನು ಭಾರತ ತ್ವರಿತವಾಗಿ, ದೃಢವಾಗಿ ಬಳಸಿಕೊಂಡಿತೆಂಬುದು ದಾಖಲೆಗಳಿಂದ ಸಿದ್ಧ. ಆ ಅವಕಾಶವನ್ನು ಅದೇ ಸೃಷ್ಟಿಸಿತೆಂದು ಹೇಳುವುದಕ್ಕೆ ಮೂಲದಾಖಲೆ ಬೇಕು; ನೆನಪಿನ ಬರೆಹಗಳು ಸಾಲವು.

6

ಘಟನೆಯಲ್ಲಿ ಸಿಲುಕಿದ ವ್ಯಕ್ತಿಗಳ ಗತಿಯನ್ನೂ ನೋಡಬೇಕು. ಮಕಬೂಲ್ ಭಟ್ ಪಾಕಿಸ್ತಾನದಲ್ಲಿ ಭಾರತದ ಗೂಢಚಾರನೆಂಬ ಆಪಾದನೆಗೆ ಗುರಿಯಾದನು. 1976ರಲ್ಲಿ ಮತ್ತೆ ಕಾಶ್ಮೀರವನ್ನು ಪ್ರವೇಶಿಸಿ ಸೆರೆಸಿಕ್ಕಿದನು. ಹಿಂದಿನ ಕೊಲೆಯ ಮೊಕದ್ದಮೆಯಲ್ಲಿ ಅವನಿಗೆ ಮರಣದಂಡನೆಯಾಗಿತ್ತು. 1984ರ ಫೆಬ್ರುವರಿಯಲ್ಲಿ, ಅವನ ಬಿಡುಗಡೆಯನ್ನು ಕೇಳಿ ಬರ್ಮಿಂಗ್‌ಹ್ಯಾಮಿನಲ್ಲಿ ಭಾರತದ ರಾಜತಾಂತ್ರಿಕ ಅಧಿಕಾರಿ ರವೀಂದ್ರ ಮ್ಹಾತ್ರೆ ಅವರನ್ನು ಅಪಹರಿಸಿ ಕೊಂದರು. ಕೆಲವೇ ದಿನಗಳಲ್ಲಿ, ಫೆಬ್ರುವರಿ 11ರಂದು, ಭಟ್‌ನನ್ನು ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹಾಷಿಂ ಖುರೇಷಿ ಪಾಕಿಸ್ತಾನದ ಸೆರೆಮನೆಯಿಂದ ಹೊರಬಂದು, ಯುರೋಪಿನಲ್ಲಿ ಬಹುಕಾಲವಿದ್ದು, 2000ದ ಡಿಸೆಂಬರಿನಲ್ಲಿ ತಾನಾಗಿ ಭಾರತಕ್ಕೆ ಹಿಂದಿರುಗಿದನು; ವಿಮಾನ ನಿಲ್ದಾಣದಲ್ಲಿಯೇ ಅವನ ಬಂಧನವಾಯಿತು. ಒಂದೇ ಕೃತ್ಯಕ್ಕಾಗಿ ಒಂದು ದೇಶದಲ್ಲಿ ಶಿಕ್ಷೆ ಅನುಭವಿಸಿದವನನ್ನು ಮತ್ತೊಂದು ದೇಶ ವಿಚಾರಿಸಬಹುದೆ ಎಂಬ ಪ್ರಶ್ನೆ ಮೂವತ್ತು ವರ್ಷಗಳ ಮೇಲೆ ಹೀಗೆ ಎದ್ದಿತು.

ಶಾಸನದ ಬೆಳವಣಿಗೆ ನಿಧಾನವಾಗಿ ನಡೆಯಿತು. ಭಾರತದಲ್ಲಿ ವಿಮಾನಾಪಹರಣಕ್ಕೆ ಪ್ರತ್ಯೇಕ ಶಾಸನ ಬಂದುದು 1982ರಲ್ಲಿ, ಎಂದರೆ ‘ಗಂಗಾ’ ಸುಟ್ಟ ಹನ್ನೊಂದು ವರ್ಷಗಳ ಮೇಲೆ. ಅದರ ಸ್ಥಾನದಲ್ಲಿ 2016ರಲ್ಲಿ ಇನ್ನೂ ಕಠಿನವಾದ ಶಾಸನ ಬಂದಿತು. ಈ ಎರಡರ ನಡುವೆ 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ಹೊರಟ ವಿಮಾನ ಅಪಹೃತವಾಗಿ ಅಮೃತಸರ, ಲಾಹೋರು, ದುಬೈಗಳ ಮೂಲಕ ಕಂದಹಾರವನ್ನು ಸೇರಿತು. ಒಬ್ಬ ಪ್ರಯಾಣಿಕನ ಕೊಲೆಯಾಯಿತು. ಉಳಿದವರ ಪ್ರಾಣಕ್ಕಾಗಿ ಭಾರತ ಡಿಸೆಂಬರ್ 31ರಂದು ಮೂವರು ಬಂಧಿಗಳನ್ನು ಬಿಡಬೇಕಾಯಿತು. 1971ರಲ್ಲಿ ಒಪ್ಪದಿದ್ದ ಬೇಡಿಕೆಯನ್ನು 1999ರಲ್ಲಿ ಒಪ್ಪಬೇಕಾಗಿ ಬಂದುದರ ಕಾರಣ ಸರ್ಕಾರದ ದೃಢತೆಯ ಹೆಚ್ಚುಕಡಿಮೆಯೊಂದೇ ಅಲ್ಲ. ಮೊದಲನೆಯ ಸಂದರ್ಭದಲ್ಲಿ ಪ್ರಯಾಣಿಕರು ಬೇಗ ಬಿಡುಗಡೆಯಾದರು. ಉಳಿದುದು ಬರಿಯ ಲೋಹದ ವಿಮಾನ. ಎರಡನೆಯ ಸಂದರ್ಭದಲ್ಲಿ ಜನರೇ ಒತ್ತೆಯಾಗಿ ಉಳಿದಿದ್ದರು. ಈ ಭೇದವನ್ನು ಮರೆತು ಎರಡು ಸರ್ಕಾರಗಳನ್ನು ತೂಗಿನೋಡುವುದು ನ್ಯಾಯವಾಗಲಾರದು.

ಆಕಾಶವನ್ನು ಮುಚ್ಚುವ ಪರಿಪಾಠ ಮಾತ್ರ ಎರಡು ದೇಶಗಳ ನಡುವೆ ಬೇರೂರಿತು. ಸಂಸತ್ತಿನ ಮೇಲಿನ ದಾಳಿಯ ಅನಂತರ 2002ರಿಂದ ಎರಡು ವರ್ಷಗಳ ಕಾಲವೂ, 2019ರಲ್ಲಿ ಕೆಲವು ತಿಂಗಳುಗಳೂ ಸಂಚಾರ ತಡೆಗೊಂಡಿತು. 2025ರ ಏಪ್ರಿಲ್ ತಿಂಗಳಲ್ಲಿ ಪಹಲ್ಗಾಮಿನ ಹತ್ಯಾಕಾಂಡದ ಮೇಲೆ ಎರಡು ದೇಶಗಳೂ ಪರಸ್ಪರ ವಿಮಾನಗಳಿಗೆ ಬಾಗಿಲು ಹಾಕಿದವು. 1971ರಲ್ಲಿ ಸುತ್ತುದಾರಿ ಹಿಡಿದವು ಪಾಕಿಸ್ತಾನದ ವಿಮಾನಗಳು; 2025ರಲ್ಲಿ ದೆಹಲಿಯಿಂದ ಯುರೋಪಿಗೂ ಅಮೆರಿಕೆಗೂ ಹೊರಟ ಭಾರತದ ವಿಮಾನಗಳೂ ಸುತ್ತಿಹೋಗಬೇಕಾಯಿತು.

ಒಟ್ಟಿನಲ್ಲಿ, ಇಬ್ಬರು ತರುಣರು ಬಯಸಿದುದು ಯಾವುದೂ ಅವರು ಬಯಸಿದಂತೆ ಆಗಲಿಲ್ಲ. ಬಂಧಿಗಳು ಬಿಡುಗಡೆಯಾಗಲಿಲ್ಲ, ಅವರು ಆಶ್ರಯ ಬೇಡಿದ ದೇಶವೇ ಅವರನ್ನು ಸೆರೆಗೆ ತಳ್ಳಿತು, ಆ ದೇಶಕ್ಕೆ ಅವರಿಂದ ಒದಗಿದುದು ಹಾನಿ. ಭಯೋತ್ಪಾದನೆಯ ಕೃತ್ಯವನ್ನು ಕೈಗೊಂಡವನ ಉದ್ದೇಶಕ್ಕೂ ಅದರ ಪರಿಣಾಮಕ್ಕೂ ನಡುವೆ ಇರುವ ಈ ಅಂತರವನ್ನು ತುಂಬುವವರು ರಾಜ್ಯಾಡಳಿತಗಳು, ನ್ಯಾಯಾಲಯಗಳು, ಗುಂಪುಗೂಡಿದ ಜನ. ಆದುದರಿಂದ ಇಂತಹ ಘಟನೆಯ ಇತಿಹಾಸವನ್ನು ಬರೆಯುವವನು ಅಪಹರಣಕಾರನ ಕೈಯಲ್ಲಿದ್ದ ಪಿಸ್ತೂಲನ್ನು ನೋಡಿದಷ್ಟೇ ಗಮನದಿಂದ, ಅನಂತರದ ಐದು ದಿನಗಳಲ್ಲಿ ಲಾಹೋರಿನಲ್ಲಿಯೂ ದೆಹಲಿಯಲ್ಲಿಯೂ ಕೈಗೊಂಡ ನಿರ್ಧಾರಗಳನ್ನು ನೋಡತಕ್ಕದ್ದು. ಪಿಸ್ತೂಲು ನಕಲಿಯಾಗಿತ್ತು, ನಿರ್ಧಾರಗಳು ನಿಜವಾಗಿದ್ದವು.